ಮುಟ್ಟಿಗೆ ಮುಂಚೆ ಆರು ದಿನ: ಕ್ಯಾಲೆಂಡರ್ ಹಾಳೆಯಲ್ಲಿ ಸಿಕ್ಕ ಉತ್ತರ

ಪ್ರಶ್ನೆ: ಡಾಕ್ಟರ್ ಅಕ್ಕಾರಿಗೆ ನಮಸ್ಕಾರ. ನನ್ನ ವಯಸ್ಸು 31. ಕಾರಟಗಿ ಹತ್ರ ಒಂದು ಕ್ಯಾಂಪಿನ್ಯಾಗ ಇರ್ತೀವಿ. ಎರಡು ಮಕ್ಕಳು, ಆಪರೇಷನ್ ಆಗೇತಿ. ನಾಟಿ ಹಂಗಾಮಿನ್ಯಾಗ ಕೂಲಿಗೆ ಹೋಗ್ತೀನಿ. ಪ್ರತಿ ತಿಂಗಳು ಮುಟ್ಟಾಗೋದಕ್ಕ ಐದಾರು ದಿನ ಮುಂಚೆ ಕೆಳಗ ವಿಪರೀತ ತುರಿಕಿ, ಒಡದ ಹಾಲಿನಂಗ ಬಿಳಿ ಸೆರಗು. ಮುಟ್ಟಾದ ಎರಡನೇ ದಿನಕ್ಕ ಯಾರೋ ಕೈಲೆ ತಗದಂಗ ಹೋಗಿಬಿಡ್ತೈತಿ. ಮುಂದಿನ ತಿಂಗಳು ಮತ್ತ ಅದ. ಗದ್ದಿ ನೀರಿನ್ಯಾಗ ನಿಂತು ಹಿಂಗಾಗೈತಿ ಅಂತ ಗೆಳತೇರು ಅಂತಾರ. ನಮ್ಮತ್ತಿ ಉಷ್ಣ ಅಂತಾರ, ಎಲುಬು ಕರಗಿ ಹೊಂಟೈತಿ ಅಂತಾರ. ನಮ್ಮ ಮನಿಯವರು ಅಕ್ಕಿ ಲಾರಿ ಮ್ಯಾಲೆ ವಾರಗಟ್ಟಲೆ ಹೊರಗಿರ್ತಾರ. ನನ್ನ ಮನಸ್ಸಿನ್ಯಾಗ ಏನೇನೋ ಬರ್ತೈತಿ, ಯಾರ ಮುಂದ ಹೇಳ್ಲಿ? ಬಿಸಿನೀರಿಗೆ ಆಂಟಿಸೆಪ್ಟಿಕ್ ಔಷಧಿ ಹಾಕಿ ಒಳಗಿಂದ ತೊಳಕೊಂತೀನಿ. ಊರಿನ ಡಾಕ್ಟರು ಎರಡು ಸಲ ಇಂಜೆಕ್ಷನ್ ಮಾಡ್ಯಾರ, ಗುಳಿಗಿ ಕೊಟ್ಟಾರ. ನನ್ನ ಮೈಯಾಗ ರೋಗ ತಡಿಯೋ ಶಕ್ತಿ ಕಡಿಮಿ ಆಗೈತೇನ್ರಿ? ಆಗಿದ್ರ ತಿಂಗಳಾಗ ಬರೇ ಆರು ದಿನ ಯಾಕ ಕಡಿಮಿ ಆಕೈತಿ? ನಾ ಗುರುತು ಹಾಕಿದ ಕ್ಯಾಲೆಂಡರ್ ಹಾಳಿ ಇದರ ಜೋಡಿ ಇಟ್ಟೀನಿ.

ಉತ್ತರ: ತಂಗೀ, ನಿಮ್ಮ ಪತ್ರಕ್ಕಿಂತ ಮೊದಲು ನಾನು ನೋಡಿದ್ದು ನೀವು ಹರಿದು ಕಳಿಸಿದ ಆ ಮೂರು ಹಾಳೆಗಳನ್ನು. ಸಿಂಧನೂರಿನ ನನ್ನ ಕ್ಲಿನಿಕ್ಕಿಗೆ ಬರುವವರಿಗೆಲ್ಲ "ಹೋದ ಸಲ ಯಾವತ್ತು ಮುಟ್ಟಾದಿರಿ" ಎಂದು ಕೇಳುತ್ತೇನೆ. ಹತ್ತರಲ್ಲಿ ಎಂಟು ಮಂದಿ ಅಮಾವಾಸ್ಯೆಯ ಆಚೆಗೋ ಈಚೆಗೋ ಎಂದು ಲೆಕ್ಕ ಹಾಕುತ್ತಾರೆ. ನೀವು ಹಾಲಿನ ಲೆಕ್ಕ ಬರೆಯುವ ಜಾಗದಲ್ಲೇ ಮುಟ್ಟಾದ ದಿನಕ್ಕೆ ಕೆಂಪು ಚುಕ್ಕೆ, ತುರಿಕೆ ಇದ್ದ ದಿನಕ್ಕೆ ಸಣ್ಣ ಗುಣಾಕಾರದ ಗುರುತು ಹಾಕಿದ್ದೀರಿ. ನಿಮ್ಮ ಪ್ರಶ್ನೆಗೆ ಅರ್ಧ ಉತ್ತರ ನೀವೇ ಬರೆದು ಕಳಿಸಿದ್ದೀರಿ.

ಓದುಗರಿಗೂ ತಿಳಿಯಲಿ ಎಂದು ಆ ಹಾಳೆಯಲ್ಲಿರುವುದನ್ನು ಹೇಳುತ್ತೇನೆ. ಜುಲೈ 3ರಿಂದ 8ರವರೆಗೆ ತುರಿಕೆ, 9ಕ್ಕೆ ಮುಟ್ಟು. ಆಗಸ್ಟ್ 1ರಿಂದ 6ರವರೆಗೆ ತುರಿಕೆ, 7ಕ್ಕೆ ಮುಟ್ಟು. ಮತ್ತೆ ಆಗಸ್ಟ್ 31ರಿಂದ ತುರಿಕೆ, ಸೆಪ್ಟೆಂಬರ್ 6ಕ್ಕೆ ಮುಟ್ಟು. ಜುಲೈ ಹಾಳೆಯ ಕೆಳಗಿನ ಸಾಲಿನಲ್ಲಿ "ಕಾಲುವಿ ನೀರು ಬಂತು" ಎಂದೂ, ಆಗಸ್ಟಿನ ನಡುವೆ "ನಾಟಿ ಮುಗೀತು" ಎಂದೂ ನೀವೇ ಬರೆದಿದ್ದೀರಿ. ಜುಲೈ ಮೊದಲ ವಾರ ನೀವಿನ್ನೂ ಗದ್ದೆಗೆ ಇಳಿದೇ ಇರಲಿಲ್ಲ, ಆಗಲೂ ತುರಿಕೆ ಇತ್ತು. ಆಗಸ್ಟಿನ ಎರಡನೇ ವಾರ ಮೊಣಕಾಲುದ್ದ ಕೆಸರಿನಲ್ಲಿ ದಿನವಿಡೀ ಬಾಗಿ ನಾಟಿ ಹಚ್ಚಿದಿರಿ, ಆಗ ಒಂದು ಗುರುತೂ ಇಲ್ಲ. ಗದ್ದೆಯ ನೀರು ಕಾರಣವಾಗಿದ್ದರೆ ಲೆಕ್ಕ ಹೀಗೆ ಬೀಳುತ್ತಿರಲಿಲ್ಲ. ಒದ್ದೆ ಸೀರೆಯಲ್ಲಿ ಸಂಜೆತನಕ ಇದ್ದರೆ ತೊಡೆಸಂದಿಯ ಚರ್ಮಕ್ಕೆ ಫಂಗಸ್ ಹತ್ತುವುದು ನಿಜ, ಮನೆಗೆ ಬಂದ ಕೂಡಲೇ ಒಣಬಟ್ಟೆ ಉಟ್ಟುಕೊಳ್ಳಿ. ಆದರೆ ನಿಮ್ಮ ತುರಿಕೆ ಕಾಲುವೆಯ ನೀರನ್ನು ಕಾಯುವುದಿಲ್ಲ, ನಿಮ್ಮ ಅಂಡಾಶಯವನ್ನು ಕಾಯುತ್ತದೆ.

ಅದು ಹೇಗೆ ಎನ್ನುವುದಕ್ಕೆ ಸ್ವಲ್ಪ ಒಳಗೆ ಹೋಗಬೇಕು.

ಯೋನಿಯ ಒಳಗೋಡೆ ಹಲವು ಪದರಗಳದ್ದು. ಮುಟ್ಟು ನಿಂತ ಮೇಲೆ ಈಸ್ಟ್ರೋಜನ್ ಎಂಬ ಹಾರ್ಮೋನು ಏರುತ್ತ ಹೋದಂತೆ ಈ ಗೋಡೆ ದಪ್ಪವಾಗುತ್ತದೆ, ಅದರ ಕೋಶಗಳಲ್ಲಿ ಗ್ಲೈಕೋಜನ್ ಎಂಬ ಸಕ್ಕರೆಯ ದಾಸ್ತಾನು ತುಂಬುತ್ತದೆ. ಆ ಸಕ್ಕರೆಯ ಮೇಲೆ ಬದುಕುವವು ಲ್ಯಾಕ್ಟೋಬ್ಯಾಸಿಲಸ್ ಬ್ಯಾಕ್ಟೀರಿಯಾಗಳು. ನಮ್ಮ ಮೊಸರಿನ ಹೆಪ್ಪಿನಲ್ಲಿರುವವುಗಳ ಬಳಗದವೇ. ಅವು ಅಲ್ಲಿಯೂ ಹುಳಿ ಮಾಡುತ್ತವೆ. ಹುಳಿಯನ್ನು ಅಳೆಯುವ ಅಂಕಿಗೆ ಪಿಎಚ್ ಎನ್ನುತ್ತಾರೆ, ಅಂಕಿ ಇಳಿದಷ್ಟೂ ಹುಳಿ ಹೆಚ್ಚು. ಆರೋಗ್ಯವಂತ ಹೆಣ್ಣಿನ ಯೋನಿಯ ಪಿಎಚ್ 3.8ರಿಂದ 4.5, ಹೆಚ್ಚುಕಡಿಮೆ ಹುಳಿ ಮೊಸರಿನಷ್ಟು. ಆ ಹುಳಿಯಲ್ಲಿ ಹೊರಗಿನ ಬ್ಯಾಕ್ಟೀರಿಯಾಗಳು ಸುಲಭಕ್ಕೆ ಬೇರೂರುವುದಿಲ್ಲ. ಆಲ್ಬರ್ಟ್ ಡೋಡರ್‌ಲೈನ್ ಎಂಬ ಜರ್ಮನ್ ವೈದ್ಯರು 1892ರಲ್ಲೇ ಈ ಬ್ಯಾಕ್ಟೀರಿಯಾಗಳನ್ನು ಗುರುತಿಸಿ ಬರೆದರು. ನೀವು ಆಂಟಿಸೆಪ್ಟಿಕ್ ಹಾಕಿ ಒಳಗೆ ತೊಳೆದಾಗಲೆಲ್ಲ ಮೊದಲು ಸಾಯುವುದು ಈ ಕಾವಲಿನವರೇ. ಇದನ್ನು ಇವತ್ತೇ ನಿಲ್ಲಿಸಿ. ಹೊರಭಾಗಕ್ಕೆ ಬರಿ ನೀರು ಸಾಕು, ಒಳಗೆ ಏನೂ ಬೇಡ, ಮೊಸರೂ ಬೇಡ.

ಇನ್ನು ಗರ್ಭಕೋಶದ ಬಾಯಿ. ಅಲ್ಲಿ ಸದಾ ಲೋಳೆ ಇರುತ್ತದೆ. ಬಳ್ಳಾರಿಯಲ್ಲಿ ಪಿಜಿ ಓದುವಾಗ ನಮ್ಮ ಮೇಡಂ ಒಬ್ಬರು, ಮಕ್ಕಳಾಗಲಿಲ್ಲ ಎಂದು ಬಂದ ಹೆಣ್ಣುಮಗಳೊಬ್ಬಳ ಲೋಳೆಯ ಒಂದು ಹನಿಯನ್ನು ಗಾಜಿನ ಪಟ್ಟಿಯ ಮೇಲೆ ಹರಡಿ, ಒಣಗಲು ಬಿಟ್ಟು, ನನ್ನನ್ನು ಸೂಕ್ಷ್ಮದರ್ಶಕದ ಮುಂದೆ ಕೂಡಿಸಿದರು. ಅವಳ ಮುಟ್ಟಿನ ಹದಿಮೂರನೇ ದಿನ ಅದು. ಕಣ್ಣಿಟ್ಟು ನೋಡಿದೆ: ನಡುವೆ ಒಂದು ದಂಟು, ಎರಡೂ ಕಡೆ ಸಾಲಾಗಿ ಕಡ್ಡಿಗಳು, ಆ ಕಡ್ಡಿಗಳಿಗೆ ಮತ್ತೆ ಸಣ್ಣ ಎಸಳು. ಪುಸ್ತಕದಲ್ಲಿ ಇದನ್ನು ಜರಿಗಿಡದ ಎಲೆಗೆ ಹೋಲಿಸುತ್ತಾರೆ. ನಾನು ಬೆಳೆದ ಊರಿನಲ್ಲಿ ಜರಿಗಿಡ ಎಲ್ಲಿಂದ ಬರಬೇಕು? ನನಗೆ ಕಂಡದ್ದು ಬಳ್ಳಾರಿ ಜಾಲಿಯ ಎಲೆ. ಈಸ್ಟ್ರೋಜನ್ ಹೆಚ್ಚಿರುವಾಗ ಲೋಳೆ ನೀರಾಗಿ, ಅದರೊಳಗಿನ ಉಪ್ಪು ಒಣಗುತ್ತ ಹರಳುಗಟ್ಟಿ ಹೀಗೆ ಎಲೆಯ ಆಕಾರ ತಾಳುತ್ತದೆ. ಒಂಬತ್ತು ದಿನ ಬಿಟ್ಟು ಅದೇ ಹೆಣ್ಣುಮಗಳು ಮತ್ತೆ ಬಂದಳು. ಈ ಸಲ ಲೋಳೆ ಗೋಂದಿನಂತೆ ಗಟ್ಟಿ, ಗಾಜಿನ ಮೇಲೆ ಎಲೆಯ ಸುಳಿವೇ ಇಲ್ಲ. ಅವಳಲ್ಲಿ ಅಂಡ ಬಿಡುಗಡೆಯಾಗಿದೆ, ಪ್ರೊಜೆಸ್ಟರಾನ್ ಎಂಬ ಇನ್ನೊಂದು ಹಾರ್ಮೋನು ಶುರುವಾಗಿದೆ ಎಂದು ಮೇಡಂ ಹೇಳಿದಾಗ ನನಗೆ ಮೈ ಜುಮ್ಮೆಂದಿತು. ಒಂದೇ ಹೆಣ್ಣು, ಒಂದೇ ಜಾಗ, ಒಂಬತ್ತು ದಿನದ ಅಂತರ, ಎರಡು ಬೇರೆ ಬೇರೆ ಬಾಗಿಲು.

ನಿಮಗೆ ಕಾಲುವೆಯ ತೂಬು ಗೊತ್ತು. ನೀರಗಂಟಿ ಯಾವಾಗ ಬೇಕಾದರೆ ಆವಾಗ ತೂಬು ಎತ್ತುವುದಿಲ್ಲ, ಬೆಳೆಗೆ ಬೇಕಾದಾಗ ಎತ್ತುತ್ತಾನೆ. ನೀರಿನ ಜೊತೆ ಕಸದ ಬೀಜವೂ ಬರುತ್ತದೆ ಎಂದು ಅವನಿಗೂ ಗೊತ್ತು. ಅಂಡ ಬಿಡುಗಡೆಯಾಗುವ ಹೊತ್ತಿಗೆ ಗರ್ಭಕೋಶದ ಬಾಯಿಯೂ ಹೀಗೆಯೇ ತೆರೆದುಕೊಳ್ಳುತ್ತದೆ. ಲೋಳೆ ತೆಳುವಾಗುತ್ತದೆ, ಅದರಲ್ಲಿರುವ, ರೋಗಾಣುಗಳನ್ನು ತಡೆಯುವ ಪ್ರತಿಕಾಯಗಳ (ಆಂಟಿಬಾಡಿ) ಪ್ರಮಾಣ ಇಳಿಯುತ್ತದೆ. ಯಾಕೆಂದರೆ ಗಂಡಸಿನ ವೀರ್ಯಾಣು ಹೆಣ್ಣಿನ ಮೈಗೆ ಹೊರಗಿನದು. ಹೊರಗಿನದನ್ನೆಲ್ಲ ಕೊಲ್ಲುತ್ತ ಕುಳಿತರೆ ಗರ್ಭ ನಿಲ್ಲುವುದೇ ಇಲ್ಲ.

ಮುಂದಿನ ಹಂತ ಇನ್ನೂ ಸೂಕ್ಷ್ಮ. ಗರ್ಭ ನಿಂತರೆ ಆ ಎಳೆಯ ಪಿಂಡದಲ್ಲಿ ಅರ್ಧ ತಂದೆಯದು. ಬೇರೆಯವರ ಕಿಡ್ನಿ ಹಾಕಿದರೆ ತಿರಸ್ಕರಿಸುವ ದೇಹ ಇದನ್ನು ಒಂಬತ್ತು ತಿಂಗಳು ಹೇಗೆ ಒಪ್ಪಿಕೊಳ್ಳುತ್ತದೆ ಎಂದು ಪೀಟರ್ ಮೆಡವಾರ್ ಎಂಬ ವಿಜ್ಞಾನಿ 1953ರಲ್ಲಿ ಕೇಳಿದರು. ಆ ಪ್ರಶ್ನೆಯ ಮೇಲೆ ಇಂದಿಗೂ ಕೆಲಸ ನಡೆದಿದೆ. ಪಿಂಡ ಗರ್ಭಕೋಶದ ಗೋಡೆಗೆ ಅಂಟುವುದು ಅಂಡ ಬಿಡುಗಡೆಯಾದ ಆರರಿಂದ ಹತ್ತು ದಿನಕ್ಕೆ. ಆ ದಿನಗಳಲ್ಲಿ ಪ್ರೊಜೆಸ್ಟರಾನ್ ಏರಿರುತ್ತದೆ, ಗರ್ಭಕೋಶದಲ್ಲಿರುವ, ಕೊಲ್ಲುವ ಕೆಲಸದ ಟಿ ಕೋಶಗಳೆಂಬ ಬಿಳಿ ರಕ್ತಕಣಗಳು ಕೈ ಕಟ್ಟಿ ಕೂಡುತ್ತವೆ. ಅದೇ ವೇಳೆಗೆ ನ್ಯಾಚುರಲ್ ಕಿಲ್ಲರ್ ಎಂಬ ಇನ್ನೊಂದು ಬಗೆಯ ಬಿಳಿ ರಕ್ತಕಣಗಳು ಅಲ್ಲಿ ಹೆಚ್ಚುತ್ತವೆ. ಹೆಸರು ಕಿಲ್ಲರ್, ಗರ್ಭಕೋಶದಲ್ಲಿ ಮಾಡುವ ಕೆಲಸ ಮಾತ್ರ ಮಗುವಿಗೆ ರಕ್ತ ಚೆನ್ನಾಗಿ ಹರಿಯಲೆಂದು ನಾಳಗಳನ್ನು ಹಿಗ್ಗಿಸಲು ನೆರವಾಗುವುದು. ಗರ್ಭ ನಿಲ್ಲದಿದ್ದರೆ ಎರಡೂ ಹಾರ್ಮೋನು ಇಳಿದು, ಬಿಳಿ ರಕ್ತಕಣಗಳು ದಂಡಿಯಾಗಿ ನುಗ್ಗಿ, ಒಳಪದರ ಕಳಚಿ ಮುಟ್ಟಾಗುತ್ತದೆ.

ಈಗ ನಿಮ್ಮ ಹಾಳೆಗೆ ಬರೋಣ. ಆಗಸ್ಟ್ 7ರಿಂದ 14 ದಿನ ಹಿಂದಕ್ಕೆ ಎಣಿಸಿ. ಜುಲೈ 24ರ ಆಸುಪಾಸಿಗೆ ನಿಮಗೆ ಅಂಡ ಬಿಡುಗಡೆಯಾಗಿದೆ. ಎಂಟನೇ ದಿನ ಆಗಸ್ಟ್ 1, ನಿಮ್ಮ ಮೊದಲ ಗುರುತು. ಪಿಂಡ ಬಂದರೆ ಬರಲಿ ಎಂದು ನಿಮ್ಮ ಮೈ ಕಾವಲು ಸಡಿಲಿಸಿ ಕುಳಿತ ದಿನಗಳವು. ನನಗೆ ಆಪರೇಷನ್ ಆಗಿದೆಯಲ್ಲ ಎನ್ನಬಹುದು. ಆಪರೇಷನ್ನಿನಲ್ಲಿ ನಳಿಕೆ ಮಾತ್ರ ಕಟ್ಟುತ್ತಾರೆ, ಅಂಡಾಶಯಕ್ಕೆ ಅದರ ಸುದ್ದಿಯೇ ಇರುವುದಿಲ್ಲ. ಅದು ಮೊದಲಿನಂತೆಯೇ ಪ್ರತಿ ತಿಂಗಳೂ ಕೂಸಿಗಾಗಿ ತಯಾರಿ ಮಾಡುತ್ತಲೇ ಇರುತ್ತದೆ.

ಒಡೆದ ಹಾಲಿನಂಥ ಬಿಳಿ ಸೆರಗು, ತುರಿಕೆ ಎಂದರೆ ಹೆಚ್ಚಿನ ಪಾಲು ಕ್ಯಾಂಡಿಡಾ ಎಂಬ ಫಂಗಸ್. ಹತ್ತು ಹೆಂಗಸರಲ್ಲಿ ಒಬ್ಬರಿಬ್ಬರ ಮೈಯಲ್ಲಿ ಅದು ಏನೂ ತೊಂದರೆ ಕೊಡದೆ ಇರುತ್ತದೆ. ನಾಲ್ವರಲ್ಲಿ ಮೂವರಿಗೆ ಜೀವನದಲ್ಲಿ ಒಮ್ಮೆಯಾದರೂ ಕಾಡುತ್ತದೆ. ಲ್ಯಾಕ್ಟೋಬ್ಯಾಸಿಲಸ್‌ಗಳ ಹುಳಿಗೆ ಇದು ಅಷ್ಟಾಗಿ ಹೆದರುವುದಿಲ್ಲ, ಈಸ್ಟ್ರೋಜನ್ ತುಂಬಿಟ್ಟ ಸಕ್ಕರೆ ಇದಕ್ಕೂ ಬೇಕು. ಪ್ರೊಜೆಸ್ಟರಾನ್ ಏರಿದಾಗ ಅದನ್ನು ಹಿಡಿದು ಕೊಲ್ಲುವ ಬಿಳಿ ರಕ್ತಕಣಗಳ ಚುರುಕು ತಗ್ಗುತ್ತದೆ ಎಂದು ಪ್ರಯೋಗಾಲಯಗಳಲ್ಲಿ ಕಂಡುಕೊಂಡಿದ್ದಾರೆ. ಹೊಟ್ಟೆಗೆ ಅನ್ನವೂ ಸಿಕ್ಕಿತು, ಕಾವಲುಗಾರನೂ ತೂಕಡಿಸಿದ ಎಂದ ಮೇಲೆ ಬೆಳೆಯದೆ ಬಿಟ್ಟೀತೇ? ಮುಟ್ಟು ಬರುವ ಹೊತ್ತಿಗೆ ಎರಡೂ ಹಾರ್ಮೋನು ಇಳಿದಿರುತ್ತವೆ, ನಿಮಗೂ ಹಗುರಾಗುತ್ತದೆ. ಇನ್ನೂ ಮೈನೆರೆಯದ ಹುಡುಗಿಯರಲ್ಲಿ, ಮುಟ್ಟು ನಿಂತ ಹಿರಿಯರಲ್ಲಿ ಈ ಕಾಯಿಲೆ ಅಪರೂಪ, ಬಸುರಿಯರಲ್ಲಿ ಬಲು ಸಾಮಾನ್ಯ. ಇದು ಹಾರ್ಮೋನಿನ ಆಟ ಎನ್ನಲು ಅದೇ ಸಾಕ್ಷಿ.

ಹಾಗಾಗಿ ನಿಮ್ಮ ರೋಗ ತಡೆಯುವ ಶಕ್ತಿ ಹಾಳಾಗಿಲ್ಲ ತಂಗೀ. ತಿಂಗಳಲ್ಲಿ ಬರೇ ಆರು ದಿನ ಯಾಕೆ ಎಂದು ಕೇಳಿದ್ದೀರಲ್ಲ, ಎಲುಬು ಕರಗುತ್ತದೆ ಎನ್ನುವ ಮಾತಿಗೂ ಅದರಲ್ಲೇ ಉತ್ತರ ಇದೆ. ತಿಂಗಳಿಗೆ ಆರು ದಿನ ಕರಗಿ ಮತ್ತೆ ಗಟ್ಟಿಯಾಗುವ ಎಲುಬು ಯಾರಿಗೂ ಇಲ್ಲ. ಅತ್ತೆಯವರ ಮೇಲೆ ಸಿಟ್ಟಾಗಬೇಡಿ, ಅವರಿಗೂ ಯಾರೋ ಹಾಗೇ ಹೇಳಿ ಹೆದರಿಸಿದ್ದರು.

ನಿಮ್ಮ ಮನೆಯವರ ಮಾತು. ಕ್ಯಾಂಡಿಡಾವನ್ನು ಲೈಂಗಿಕ ರೋಗ ಎಂದು ನಾವು ಎಣಿಸುವುದಿಲ್ಲ. ನಿಮ್ಮ ಕ್ಯಾಲೆಂಡರ್ ಯಾರ ಮೇಲೂ ಬೆರಳು ತೋರಿಸುತ್ತಿಲ್ಲ. ಅವರಿಗೆ ತುರಿಕೆ, ಕೆಂಪು ಏನೂ ಇಲ್ಲದಿದ್ದರೆ ಅವರಿಗೆ ಔಷಧಿಯೂ ಬೇಡ. ಆದರೂ ಮನಸ್ಸಿನ ಕೊರೆತ ನಿಲ್ಲದಿದ್ದರೆ ಸರ್ಕಾರಿ ಆಸ್ಪತ್ರೆಯ ಐಸಿಟಿಸಿ ಎಂಬ ಸಮಾಲೋಚನೆ ಮತ್ತು ಪರೀಕ್ಷಾ ಕೇಂದ್ರದಲ್ಲಿ ಎಚ್‌ಐವಿ ಪರೀಕ್ಷೆ ಉಚಿತ, ಹೆಸರು ಹೊರಗೆ ಬರುವುದಿಲ್ಲ. 1097ಕ್ಕೆ ಫೋನ್ ಮಾಡಿ ಕೇಳಬಹುದು, ದುಡ್ಡು ಬೀಳುವುದಿಲ್ಲ. ಇಲ್ಲೇ ಇನ್ನೊಂದು ಹೇಳಬೇಕು. ಅಮೆರಿಕದ ಡಾರ್ಟ್‌ಮತ್‌ನ ವಿಜ್ಞಾನಿಗಳಾದ ಚಾರ್ಲ್ಸ್ ವೀರಾ ಮತ್ತು ಜಾನ್ ಫಾಹೀ 2008ರಲ್ಲಿ, ಅಂಡ ಬಿಡುಗಡೆಯಾದ ನಂತರದ 7ರಿಂದ 10 ದಿನಗಳ ಅವಧಿಯಲ್ಲಿ ಹೆಣ್ಣಿಗೆ ಎಚ್‌ಐವಿ ತಗಲುವ ಸಂಭವ ಹೆಚ್ಚಬಹುದು ಎಂಬ ವಿಚಾರ ಮಂಡಿಸಿದರು. ಕಾರಣ ನಾನು ಮೇಲೆ ಹೇಳಿದ್ದೇ, ಕಾವಲಿನ ಸಡಿಲಿಕೆ. ಇದನ್ನು ಓದಿ ಉಳಿದ ದಿನ ಅಪಾಯವಿಲ್ಲ ಎಂದು ಯಾರೂ ತಿಳಿಯಬಾರದು. ಅನುಮಾನ ಇರುವ ಕಡೆ ತಿಂಗಳ ಎಲ್ಲ ದಿನವೂ ಕಾಂಡೋಮ್ ಬೇಕೇ ಬೇಕು.

ಇನ್ನು ಚಿಕಿತ್ಸೆ. ನಿಮಗೆ ಮಾಡಿದ ಇಂಜೆಕ್ಷನ್ ಆಂಟಿಬಯಾಟಿಕ್ ಆಗಿದ್ದರೆ ಅದು ಫಂಗಸ್ಸಿಗೆ ತಾಕುವುದಿಲ್ಲ, ಲ್ಯಾಕ್ಟೋಬ್ಯಾಸಿಲಸ್‌ಗಳನ್ನು ಕೊಲ್ಲುತ್ತದೆ. ಪ್ರಾಕ್ಟೀಸಿನ ಮೊದಲ ವರ್ಷ ಹತ್ತಿ ಬಿಡಿಸಲು ಹೋಗುತ್ತಿದ್ದ ಒಬ್ಬ ತಾಯಿಗೆ ನಾನೂ ಪರೀಕ್ಷೆ ಮಾಡದೆ ಆಂಟಿಬಯಾಟಿಕ್ ಬರೆದಿದ್ದೆ. ವಾರ ಬಿಟ್ಟು ಆಕೆ ನಡೆಯಲಾರದಷ್ಟು ಉರಿ ಎಂದು ಬಂದಳು. ಅಂದಿನಿಂದ ಒಂದು ಹನಿಯನ್ನಾದರೂ ಸ್ಲೈಡಿಗೆ ಹಚ್ಚಿ ನೋಡದೆ ಔಷಧಿ ಬರೆದಿಲ್ಲ. ನೀವೂ ಗಂಗಾವತಿಯ ಸರ್ಕಾರಿ ಆಸ್ಪತ್ರೆಗೋ ಕೊಪ್ಪಳದ ಜಿಲ್ಲಾಸ್ಪತ್ರೆಗೋ ಹೋಗಿ, ಹೆಣ್ಣು ಡಾಕ್ಟರನ್ನು ಕಂಡು, ತುರಿಕೆ ಇರುವ ದಿನದಲ್ಲೇ ಪರೀಕ್ಷೆ ಮಾಡಿಸಿ. ತುರಿಕೆ ಇಲ್ಲದ ದಿನ ಹೋದರೆ ಏನೂ ಸಿಗದೆ ವಾಪಸ್ ಬರುತ್ತೀರಿ. ಸ್ಲೈಡ್ ನೋಡುವುದು ಯಾಕೆ ಮುಖ್ಯವೆಂದರೆ, ಕೆಲವರಲ್ಲಿ ಲ್ಯಾಕ್ಟೋಬ್ಯಾಸಿಲಸ್‌ಗಳೇ ಅತಿಯಾಗಿ ಬೆಳೆದು, ಹುಳಿ ಹೆಚ್ಚಿ, ಮುಟ್ಟಿಗೆ ಮುಂಚೆ ಇದೇ ಥರ ತುರಿಕೆ ಕೊಡುತ್ತವೆ. ಅದಕ್ಕೆ ಫಂಗಸ್ಸಿನ ಗುಳಿಗೆ ನುಂಗಿ ಏನೂ ಉಪಯೋಗವಿಲ್ಲ.

ಕ್ಯಾಂಡಿಡಾ ಎಂದು ಖಾತ್ರಿಯಾದರೆ, ತಿಂಗಳು ತಿಂಗಳು ಮರುಕಳಿಸುವ ನಿಮ್ಮಂಥವರಿಗೆ ಒಂದು ಗುಳಿಗೆಯಲ್ಲಿ ಮುಗಿಯುವುದಿಲ್ಲ. ಮೊದಲು ಮೂರು ದಿನಕ್ಕೊಂದರಂತೆ ಮೂರು, ಆಮೇಲೆ ವಾರಕ್ಕೊಂದರಂತೆ ಆರು ತಿಂಗಳು ಫ್ಲುಕೊನಜೋಲ್ ಕೊಡುವ ಪದ್ಧತಿ ಇದೆ. ಬಸುರಿಯರು ಈ ಗುಳಿಗೆ ತಗೊಳ್ಳಬಾರದು, ಅವರಿಗೆ ಒಳಗಿಡುವ ಕ್ಲೋಟ್ರಿಮಜೋಲ್ ಇದೆ. ನಿಮ್ಮ ಡಾಕ್ಟರು ನಿಮ್ಮನ್ನು ನೋಡಿಯೇ ಬರೆಯಬೇಕು, ಈ ಪುಟ ತೋರಿಸಿ ಮೆಡಿಕಲ್ ಶಾಪಿನಲ್ಲಿ ಕೊಳ್ಳಬೇಡಿ. ಅಲ್ಲಿ ತುರಿಕೆಗೆಂದು ಕೊಡುವ ಎಷ್ಟೋ ಮುಲಾಮುಗಳಲ್ಲಿ ಸ್ಟೆರಾಯ್ಡ್ ಬೆರೆತಿರುತ್ತದೆ. ಎರಡು ದಿನ ಹಾಯೆನಿಸಿ, ಆಮೇಲೆ ಚರ್ಮ ತೆಳುವಾಗಿ ಫಂಗಸ್ ಇನ್ನೂ ಹಬ್ಬುತ್ತದೆ. ಹೋದಾಗ ಸಕ್ಕರೆ ಕಾಯಿಲೆಯ ರಕ್ತಪರೀಕ್ಷೆಯನ್ನೂ ಮಾಡಿಸಿ. ಮರುಕಳಿಸುವ ಕ್ಯಾಂಡಿಡಾದ ಹಿಂದೆ ಸಕ್ಕರೆ ಕಾಯಿಲೆ ಅಡಗಿದ್ದದ್ದನ್ನು ನಾನು ಬಹಳ ಸಲ ಕಂಡಿದ್ದೇನೆ.

ಪ್ರಶ್ನೆ: ನಾನು ಮಾನ್ವಿಯ ಕಾಲೇಜು ವಿದ್ಯಾರ್ಥಿನಿ, 19 ವರ್ಷ, ಹಾಸ್ಟೆಲ್‌ನಲ್ಲಿದ್ದೇನೆ. ನನ್ನದು ಮುಟ್ಟು ಮುಗಿದ ಮೇಲೆ ಬರುವ ತೊಂದರೆ. ಎರಡು ಮೂರು ದಿನ ಒಂಥರಾ ವಾಸನೆ. ರೂಮಿನವರಿಗೆ ಗೊತ್ತಾಗುತ್ತದೇನೋ ಎಂಬ ಹೆದರಿಕೆಗೆ ಸುಗಂಧದ ವಾಶ್ ತಂದು ದಿನಕ್ಕೆ ಮೂರು ಸಲ ತೊಳೆಯುತ್ತಿದ್ದೇನೆ. ವಾಸನೆ ಹೆಚ್ಚೇ ಆಗಿದೆ.

ಉತ್ತರ: ಮಗಳೇ, ಮೇಲಿನ ಅಕ್ಕನ ಉತ್ತರ ಓದಿದೆಯಾ? ನಿನ್ನದು ಅದರ ಇನ್ನೊಂದು ತುದಿ. ರಕ್ತದ ಪಿಎಚ್ 7.4ರ ಹತ್ತಿರ, ಹುಳಿಯೇ ಇಲ್ಲ. ನಾಲ್ಕೈದು ದಿನ ರಕ್ತ ಹರಿದಾಗ ಒಳಗಿನ ಹುಳಿ ಸಪ್ಪೆಯಾಗುತ್ತದೆ, ಈಸ್ಟ್ರೋಜನ್ನೂ ತಳಮಟ್ಟದಲ್ಲಿರುತ್ತದೆ, ಲ್ಯಾಕ್ಟೋಬ್ಯಾಸಿಲಸ್‌ಗಳು ಸೊರಗಿರುತ್ತವೆ. ಹುಳಿಗೆ ಹೆದರಿ ಮೂಲೆಯಲ್ಲಿದ್ದ ಬೇರೆ ಬ್ಯಾಕ್ಟೀರಿಯಾಗಳು ಆ ಸಂದಿನಲ್ಲಿ ತಲೆ ಎತ್ತುತ್ತವೆ. ಈಸ್ಟ್ರೋಜನ್ ಏರುತ್ತಿದ್ದಂತೆ ಹುಳಿ ಮತ್ತೆ ಕೂಡುತ್ತದೆ, ವಾಸನೆ ತಾನಾಗಿ ಹೋಗುತ್ತದೆ. ಆ ಎರಡು ದಿನ ಅದಕ್ಕೆ ಬಿಟ್ಟುಕೊಡು. ನೀನು ದಿನಕ್ಕೆ ಮೂರು ಸಲ ತೊಳೆದು ಹುಳಿ ಕೂಡಲು ಬಿಡುತ್ತಿಲ್ಲ. ವಾಶ್ ಪಕ್ಕಕ್ಕಿಡು, ಪ್ಯಾಡನ್ನು ನಾಲ್ಕರಿಂದ ಆರು ಗಂಟೆಗೊಮ್ಮೆ ಬದಲಿಸು. ಒಂದು ತಿಂಗಳು ಹೀಗೆ ಮಾಡಿ ನೋಡು. ಆಗಲೂ ಮೀನಿನಂಥ ವಾಸನೆ, ಬೂದು ಬಣ್ಣದ ತೆಳು ಸೆರಗು ವಾರದಾಚೆ ಉಳಿದರೆ, ಇಲ್ಲವೇ ಹೊಟ್ಟೆನೋವು, ಜ್ವರ ಬಂದರೆ ತಾಲೂಕು ಆಸ್ಪತ್ರೆಯ ಸ್ನೇಹ ಕ್ಲಿನಿಕ್ಕಿಗೆ ಹೋಗು, ಅದು ನಿನ್ನ ವಯಸ್ಸಿನವರಿಗೆಂದೇ ಇರುವುದು. ಅಲ್ಲಿ ಏನು ಕೇಳಿದರೂ ಇದ್ದದ್ದನ್ನು ಇದ್ದಹಾಗೆ ಹೇಳು, ಮದುವೆಯಾಗಿಲ್ಲ ಎಂದು ಮುಚ್ಚಿಡಬೇಡ. ಗುಣವಾಗುವ ತೊಂದರೆ ಇದು.

ಪ್ರಶ್ನೆ: ಲಿಂಗಸುಗೂರಿನಿಂದ ಬರೆಯುತ್ತಿದ್ದೇನೆ. ನಮ್ಮ ಅವ್ವನಿಗೆ 61 ವರ್ಷ. ಮುಟ್ಟು ನಿಂತು ಹತ್ತು ವರ್ಷದ ಮೇಲಾಯಿತು. ಈ ವರ್ಷ ನಾಲ್ಕು ಸಲ ಉರಿಮೂತ್ರ, ನಾಲ್ಕು ಸಲ ಆಂಟಿಬಯಾಟಿಕ್. ನೀರು ಕಡಿಮೆ ಕುಡಿಯುವುದೇ ಕಾರಣವೇ?

ಉತ್ತರ: ನಮ್ಮ ರಾಯಚೂರು ಬಿಸಿಲಿಗೆ ನೀರು ಕಡಿಮೆ ಕುಡಿದರೆ ಉರಿಮೂತ್ರ ಬರುವುದು ಸಹಜ, ಅದನ್ನು ತಿದ್ದಿಕೊಳ್ಳಲಿ. ಆದರೆ ಈ ವಯಸ್ಸಿನಲ್ಲಿ ನಾಲ್ಕು ಸಲ ಎಂದರೆ ನಾನು ಮೊದಲು ನೆನೆಯುವುದು ಈಸ್ಟ್ರೋಜನ್ನನ್ನು. ಅದು ಇಲ್ಲವಾದ ಮೇಲೆ ಗೋಡೆ ತೆಳುವಾಗುತ್ತದೆ, ಸಕ್ಕರೆಯ ದಾಸ್ತಾನು ಮುಗಿಯುತ್ತದೆ, ಲ್ಯಾಕ್ಟೋಬ್ಯಾಸಿಲಸ್‌ಗಳು ಊರು ಬಿಡುತ್ತವೆ, ಪಿಎಚ್ 5ರ ಮೇಲೆ ಏರುತ್ತದೆ. ಕರುಳಿನ ಇ. ಕೋಲೈ ಬ್ಯಾಕ್ಟೀರಿಯಾ ಅಲ್ಲಿ ಮನೆ ಮಾಡಿಕೊಂಡು ಮೂತ್ರನಾಳಕ್ಕೆ ಹತ್ತುತ್ತದೆ. ಆಂಟಿಬಯಾಟಿಕ್ ಕೊಟ್ಟು ಒಂದು ಸಲ ಓಡಿಸಿದರೆ ಖಾಲಿ ಮನೆಗೆ ಮತ್ತೆ ಬರುತ್ತದೆ.

ರೌಲ್ ರಾಜ್ ಮತ್ತು ವಾಲ್ಟರ್ ಸ್ಟ್ಯಾಮ್ ಎಂಬ ವೈದ್ಯರು 1993ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ಇಂಥ ಹಿರಿಯ ಹೆಂಗಸರಿಗೆ ಯೋನಿಯೊಳಗೆ ಹಚ್ಚುವ ಈಸ್ಟ್ರೋಜನ್ ಕ್ರೀಮು ಕೊಟ್ಟರು. ಹಾರ್ಮೋನು ಇಲ್ಲದ ಬರಿ ಕ್ರೀಮು ಹಚ್ಚಿದವರಿಗೆ ವರ್ಷಕ್ಕೆ ಸರಾಸರಿ 5.9 ಸಲ ಸೋಂಕಾದರೆ, ಈಸ್ಟ್ರೋಜನ್ ಕ್ರೀಮಿನವರಿಗೆ 0.5 ಸಲ. ಹುಳಿಯೂ ಮರಳಿತು, ಲ್ಯಾಕ್ಟೋಬ್ಯಾಸಿಲಸ್‌ಗಳೂ ಮರಳಿದವು. ಅವ್ವನನ್ನು ಸ್ತ್ರೀರೋಗ ತಜ್ಞರ ಹತ್ತಿರ ಕರೆದೊಯ್ದು ಈ ಕ್ರೀಮಿನ ಬಗ್ಗೆ ಕೇಳಿ. ಸ್ತನ ಕ್ಯಾನ್ಸರ್ ಆಗಿದ್ದರೆ, ಮುಟ್ಟು ನಿಂತ ಮೇಲೆ ಒಂದು ಚುಕ್ಕೆ ರಕ್ತವಾದರೂ ಕಂಡಿದ್ದರೆ ಮೊದಲೇ ಹೇಳಬೇಕು. ಸಕ್ಕರೆ ಪರೀಕ್ಷೆ, ಮೂತ್ರದ ಕಲ್ಚರ್ ಎರಡೂ ಆಗಲಿ. ಈ ವಯಸ್ಸಿನಲ್ಲಿ ಇಂಥ ಮಾತು ಆಡಲು ಅವ್ವ ನಾಚಿಕೊಳ್ಳುತ್ತಾರೆ, ಒಳಗೆ ನೀವೇ ಜೊತೆಗೆ ಹೋಗಿ ಕೂಡಿ.

ಕಾರಟಗಿಯ ತಂಗಿಗೆ: ನಿಮ್ಮ ಮೂರೂ ಹಾಳೆಗಳನ್ನು ಲಕೋಟೆಯ ಮೇಲಿದ್ದ ವಿಳಾಸಕ್ಕೆ ಮರಳಿ ಅಂಚೆಗೆ ಹಾಕಿದ್ದೇನೆ. ಆಸ್ಪತ್ರೆಗೆ ಹೋಗುವಾಗ ಅವನ್ನು ಒಯ್ದು ಡಾಕ್ಟರ ಮೇಜಿನ ಮೇಲಿಡಿ. ಆಗಸ್ಟಿನ ಹಾಲಿನ ಲೆಕ್ಕ ಇನ್ನೂ ಚುಕ್ತಾ ಆಗಿಲ್ಲ ಎಂದು ಅಂಚಿನಲ್ಲಿ ಬರೆದಿತ್ತು, ಅದೂ ಅದರಲ್ಲೇ ಇದೆ.